ಹಸನ ಮಾಡದ ಡಿಸ್ಕು

ಗೋಕಾಕದಲ್ಲಿ ನಾನು ಮನೆಯ ಪಡಸಾಲೆಯಲ್ಲೇ ಡಿಟಿಪಿ ಅಂಗಡಿ ತೆರೆದ ಹೊಸತು. ಇಡೀ ಓಣಿಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನಾದಿನಿಯ ಲಗ್ನಪತ್ರಿಕೆ ಮಾಡುವ ಗೌರವ ನನಗೇ ಬಂತು. ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಡಲು ಹುಕ್ಕೇರಿಯಿಂದ ಮಾವನವರು ಮರುದಿನವೇ ಬರುವವರಿದ್ದರು.

ಪತ್ರಿಕೆ ಟೈಪ್ ಮಾಡಿ ಉಳಿಸುವ ಹೊತ್ತಿಗೆ ಕರೆಂಟ್ ಹೋಯಿತು. ಮರಳಿ ಬಂದಾಗ ನೀಲಿ ಪರದೆ ಮೂಡಿತು: ಕಂಪ್ಯೂಟರ್ ಸರಿಯಾಗಿ ಬಂದ್ ಆಗಿಲ್ಲ, ಡಿಸ್ಕಿನ ತಪಾಸಣೆ ಆಗಬೇಕು, ಬೇಡವೆಂದರೆ ಯಾವುದಾದರೂ ಕೀಲಿ ಒತ್ತಿರಿ. ನನ್ನ ಬೆರಳು ಮುಂದಾಯಿತು.

ಪಕ್ಕದಲ್ಲಿ ಮೊರ ಹಿಡಿದು ಜೋಳ ಹಸನ ಮಾಡುತ್ತಿದ್ದ ಹೆಂಡತಿ ಶಾಂತಾ ತಲೆಯೆತ್ತಿದಳು.

“ಏನ್ ಕೇಳಾಕತ್ತೈತ್ರಿ ಅದು?”

“ತಪಾಸಣಿ ಮಾಡ್ಲೇನು ಅಂತೈತಿ. ಸುಮ್ನ ಹೊತ್ತು ಹಾಳು.”

“ಮಾಡ್ಲಿ ಬಿಡ್ರಿ. ಹಸನ ಮಾಡ್ಲಾರದ ಜ್ವಾಳಾ ಗಿರಣಿಗೆ ಕಳಸ್ತಾರೇನ್ರಿ? ಹರಳು ಬಂದ್ರ ಹಲ್ಲು ಹೋಗೂದು ನಿಮ್ದ!”

“ಇದು ಕಂಪ್ಯೂಟರ್, ಜ್ವಾಳ ಅಲ್ಲ” ಎಂದು ಗಂಭೀರವಾಗಿ ತಿಳಿಹೇಳಿ ಕೀಲಿ ಒತ್ತಿದೆ. ಆ ವಾರವೆಲ್ಲ ಹೀಗೆಯೇ ಒತ್ತುತ್ತ ಬಂದಿದ್ದೆ. ಪತ್ರಿಕೆ ಪರದೆಗೆ ಬಂತು. ಮೇಲಿನ ಸಾಲುಗಳನ್ನು ನೋಡಿದೆ, ಸರಿಯಿದ್ದವು. ಅಚ್ಚು ಹಾಕಿಸಿಯೇಬಿಟ್ಟೆ!

ಮರುದಿನ ಮಾವನವರು ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದತೊಡಗಿದರು. “ವರ: ಚಿ. ರಾ. ಮಲ್ಲಿಕಾರ್ಜುನ. ಸ್ವಭಾವ ಸೌಮ್ಯ. ಹಾಯುವುದಿಲ್ಲ, ಒದೆಯುವುದಿಲ್ಲ. ಖುದ್ದಾಗಿ ನೋಡಿ ಖಾತ್ರಿ ಮಾಡಿಕೊಳ್ಳಿರಿ.”

ಕೊಣ್ಣೂರಿನ ಗಿರಾಕಿಯೊಬ್ಬರು ಎಮ್ಮೆ ಮಾರಲು ಮಾಡಿಸಿದ್ದ ಕರಪತ್ರದ ತುಣುಕು! ತಪಾಸಣೆ ಕಾಣದ ಡಿಸ್ಕಿನಲ್ಲಿ ಎಮ್ಮೆಯೂ ಮದುಮಗನೂ ಒಂದೇ ಗೂಟಕ್ಕೆ ಕಟ್ಟಿಬಿದ್ದಿದ್ದರು. ಇದು ಬೀಗರ ಕೈಗೆ ಹೋಗಿದ್ದರೆ ಲಗ್ನವೇ ಮುರಿಯುತ್ತಿತ್ತು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ಶಾಂತಾ ಒಂದು ಚುಚ್ಚುಮಾತೂ ಆಡಲಿಲ್ಲ. ನನ್ನ ಕೈಯಿಂದಲೇ ಡಿಸ್ಕನ್ನು ತಪಾಸಣೆಗೆ ಹಚ್ಚಿಸಿದಳು. ಅದು ತನ್ನ ಹರಳು ಆರಿಸುತ್ತಿರುವಾಗ, ಪತ್ರಿಕೆಯನ್ನು ಮೊದಲಿನಿಂದ ಮಾಡಲೆಂದು, ಎರಡೂ ಮನೆತನದ ಹಿರಿಯರ ಹೆಸರುಗಳನ್ನು ಒಂದೂ ಬಿಡದೆ ಬಾಯಲ್ಲೇ ಹೇಳಿದಳು, ನಾನು ಬರೆದುಕೊಂಡೆ. ಎಂಥ ನೆನಪು, ಎಂಥ ತಾಳ್ಮೆ! ಆ ತಲೆಯಲ್ಲಿ ಕರೆಂಟ್ ಹೋಗುವುದೇ ಇಲ್ಲ. ಇಂಥವಳು ನನ್ನ ಹೆಂಡತಿ ಎಂದು ಖರೇನೇ ಹೆಮ್ಮೆಯಾಯಿತು. ಸಂಜೆಗೆ ಹೊಸ ಪತ್ರಿಕೆ ಸಿದ್ಧವಾಯಿತು.

ಮಾವನವರು ಹೊಸದನ್ನು ಚೀಲಕ್ಕೆ ಹಾಕಿ, ಹಳೆಯದೊಂದನ್ನು ಕಿಸೆಯಲ್ಲಿಟ್ಟುಕೊಂಡರು.

“ಅದ್ಯಾಕ್ರಿ ಮಾವಾರ?” ಎಂದೆ.

“ಇರ್ಲಿ ಅಳ್ಯಾರ. ನಿಮ್ಮ ಲಗ್ನದ ಪತ್ರಿಕ್ಯಾಗೂ ‘ಖುದ್ದಾಗಿ ನೋಡಿ ಖಾತ್ರಿ ಮಾಡಿಕೊಳ್ಳಿರಿ’ ಅಂತ ಹಾಕಿದ್ದಿದ್ರ, ನಾವೂ ಒಮ್ಮಿ ನಿಮ್ಮನ್ನ ತಪಾಸಣಿ ಮಾಡ್ಕೊಂತಿದ್ವಿ!”