ಅತ್ತೆಯ ಮೊದಲ ಚಮಚ

ನಮ್ಮತ್ತೆ ಹನ್ನೆರಡು ವರ್ಷದಿಂದ ನನ್ನ ಅಡುಗೆಯಲ್ಲಿ ವಿಷ ಹುಡುಕುತ್ತಿದ್ದಾರೆ ಎಂದು ಬಸವೇಶ್ವರನಗರದ ನಮ್ಮ ಬೀದಿಯವರೆಲ್ಲ ನಂಬಿದ್ದಾರೆ. ನಂಬದೆ ಇನ್ನೇನು ಮಾಡಿಯಾರು? ನಾನು ಏನೇ ಮಾಡಲಿ, ಮೊದಲ ಚಮಚ ಅವರದು. ತಿಂದು, ಬಾಯಿ ಒರೆಸಿಕೊಂಡು, ಗೋಡೆ ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅರ್ಧ ಗಂಟೆ! ಅಲ್ಲಿಯವರೆಗೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ಅತ್ತೆ ಗಟ್ಟಿಯಾಗಿ ಕೂತಿದ್ದರೆ ನಮಗೆ ಊಟ.

ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮೊದಲು ಮಾಡಿದ್ದು ಬಿಸಿಬೇಳೆಬಾತ್. ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಬಿಸಿ ಹೋಗಿ ಬರೀ ಬೇಳೆಬಾತ್ ಉಳಿದಿತ್ತು. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಗಂಡ ಸಮಾಧಾನಕ್ಕೆ ಬಂದರು.

"ಅಮ್ಮ ಸರ್ಕಾರಿ ಶಾಲೇಲಿ ಹೆಡ್ ಮಿಸ್ ಆಗಿದ್ರು ಕಣೇ. ಮಕ್ಕಳಿಗೆ ಬಿಸಿಯೂಟ ಬಡಿಸೋ ಮುಂಚೆ ತಾವು ತಿಂದು ನೋಡಿ ಸೈನ್ ಹಾಕ್ತಿದ್ರು. ರಿಟೈರ್ ಆದ್ರೂ ಆ ಅಭ್ಯಾಸ ಬಿಟ್ಟಿಲ್ಲ."

ಸದ್ಯ, ಸಹಿ ಪುಸ್ತಕ ಮನೆಗೆ ಬರಲಿಲ್ಲ! ಆದರೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಇವರಿಗೆ ನನ್ನ ಕೈ ಮೇಲೆ ನಂಬಿಕೆಯಿಲ್ಲ ಎಂಬ ಕೊರಗು ಅಂದಿನಿಂದಲೇ ಶುರುವಾಯಿತು.

ಎದುರುಮನೆ ಆಂಟಿಯಂತೂ ಕೇಳಿಯೇಬಿಟ್ಟರು. "ಏನ್ ಮಿಸ್, ಸೊಸೆ ಮೇಲೆ ಇಷ್ಟೊಂದು ಡೌಟಾ?"

"ಸೊಸೆ ಮೇಲಲ್ಲ ಕಣ್ರೀ, ಸಾಂಬಾರ್ ಮೇಲೆ," ಎಂದರು ಅತ್ತೆ. ಇದೂ ಒಂದು ಸಮಾಧಾನವೇ?

ಅವರ ಕಾನೂನು ಒಂದೆರಡಲ್ಲ. ಮಿಕ್ಕ ಸಾರು ಆರದೆ ಫ್ರಿಜ್ ಸೇರುವಂತಿಲ್ಲ, ಆಚೆ ಬಂದರೆ ಕುದಿಯದೆ ತಟ್ಟೆ ಸೇರುವಂತಿಲ್ಲ. ಒದ್ದೆ ಚಮಚ ಉಪ್ಪಿನಕಾಯಿ ಜಾಡಿಗೆ ಇಳಿಯಿತೋ, ನಲವತ್ತು ದಾಟಿದ ನನ್ನ ಗಂಡನಿಗೂ ಕಿವಿ ಹಿಂಡುತ್ತಾರೆ! ಒಮ್ಮೆ ಮಗ ಹಟ ಮಾಡಿ ಪಿಜ್ಜಾ ತರಿಸಿಕೊಂಡ. ಅದಕ್ಕೂ ಅರ್ಧ ಗಂಟೆ. ಆಮೇಲೆ ಒಂದು ತುಂಡನ್ನು ಮೇಜಿಗೆ ಕುಟ್ಟಿ ನಮಗೆಲ್ಲ ಸದ್ದು ಕೇಳಿಸಿದ.

ಹೋದ ತಿಂಗಳು ಅವನ ಹುಟ್ಟುಹಬ್ಬಕ್ಕೆ ಕುರುಬರಹಳ್ಳಿಯಿಂದ ನನ್ನ ತವರಿನವರೆಲ್ಲ ಬರುವುದಿತ್ತು. ಸ್ವಲ್ಪ ಮೆರೆಯಬೇಕು ತಾನೆ? ಹಿಂದಿನ ದಿನ ಬೆಳಿಗ್ಗೆಯೇ ದೊಡ್ಡ ಪಾತ್ರೆ ತುಂಬ ಕಸ್ಟರ್ಡ್ ಮಾಡಿ ಫ್ರಿಜ್ಜಿನಲ್ಲಿಟ್ಟೆ. ಆಮೇಲೆ ಹೋದ ಕರೆಂಟ್ ಬಂದಿದ್ದು ಸಂಜೆಗೆ. ಅತ್ತೆ ಅವತ್ತು ಕೆಂಗೇರಿಯ ತಂಗಿ ಮನೆಯಲ್ಲಿದ್ದರು. ನಾನು ಬಾಯಿ ಬಿಡಲಿಲ್ಲ. ಮತ್ತೆ ತಣ್ಣಗಾಯಿತಲ್ಲ, ಏನಾಗುತ್ತೆ ಎಂದುಕೊಂಡೆ.

ಮರುದಿನ ಹಾಲ್ ತುಂಬ ಜನ. ಮಕ್ಕಳು ಖಾಲಿ ಬಟ್ಟಲು ಬಡಿಯುತ್ತಿದ್ದರು. ಅತ್ತೆ ಒಂದು ಚಮಚ ಬಾಯಿಗಿಟ್ಟರು.

"ಹೇಗಿದೆ ಅತ್ತೆ?" ಎಂದೆ, ಹೆಮ್ಮೆಯಿಂದ ಅಮ್ಮನ ಕಡೆ ನೋಡುತ್ತಾ.

ಅತ್ತೆ ಇನ್ನೊಂದು ಚಮಚ ತಿಂದರು. "ಚೆನ್ನಾಗಿದೆ ಕಣಮ್ಮ. ಅರ್ಧ ಗಂಟೆ ಆಗ್ಲಿ."

"ಇವತ್ತೊಂದಿನ ಬಿಟ್ಬಿಡಿ ಅತ್ತೆ. ಪಾಪ, ಮಕ್ಕಳು ಕಾಯ್ತಿದಾರೆ."

"ಮಕ್ಕಳು ಅಂತಾನೇ ಕಣೇ," ಎಂದು ಪಾತ್ರೆಯನ್ನೇ ತೊಡೆಯ ಮೇಲಿಟ್ಟುಕೊಂಡು ಕೂತರು!

ಅಮ್ಮ ನನ್ನ ಕಿವಿಯಲ್ಲಿ, "ಇನ್ನೂ ನಿನಗೆ ಪರೀಕ್ಷೇನಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೇ ನಿಮಿಷ. ಅತ್ತೆ ಎದ್ದು, ಪಾತ್ರೆಯನ್ನೂ ಎತ್ತಿಕೊಂಡೇ ಬಚ್ಚಲಿಗೆ ಓಡಿದರು. ಸಂಜೆಯ ಹೊತ್ತಿಗೆ ಪಕ್ಕದ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಬೇರೆ ಯಾರೂ ಒಂದು ತೊಟ್ಟೂ ತಿಂದಿರಲಿಲ್ಲ.

"ಮೊನ್ನೆ... ಅಲ್ಲ, ನಿನ್ನೆ ಕರೆಂಟ್ ಹೋಗಿತ್ತು ಅತ್ತೆ. ನಾನೇ ಮುಚ್ಚಿಟ್ಟೆ," ಎಂದು ಅಳು ತಡೆಯಲಾರದೆ ಹೇಳಿದೆ.

"ಗೊತ್ತಾಯ್ತು ಬಿಡೇ. ಬಾಯಿಗಿಟ್ಟ ತಕ್ಷಣ ಹುಳಿ ಅನ್ನಿಸ್ತು."

"ಮತ್ತೆ ಯಾಕೆ ನುಂಗಿದ್ರಿ? ಉಗಿಯೋದಲ್ವಾ?"

"ನಿಮ್ಮಮ್ಮ ಎದುರಿಗೇ ಕೂತಿದ್ರಲ್ಲೇ! ಅವರ ಮುಂದೆ ಉಗಿದ್ರೆ ನಿನ್ನ ಮುಖ ಏನಾಗ್ತಿತ್ತು? ಅರ್ಧ ಗಂಟೆ ತಳ್ಳಿ, ಬೆಕ್ಕು ಬಾಯಿ ಹಾಕ್ತು ಅಂತ ಏನೋ ಹೇಳಿ ಚೆಲ್ಲೋಣ ಅಂದ್ಕೊಂಡಿದ್ದೆ. ನೀನು ಹೇಗಿದೆ ಅಂತ ಬೇರೆ ಕೇಳ್ದೆ. ಇನ್ನೊಂದು ಚಮಚ ತಿನ್ನದೆ ಏನ್ ಮಾಡ್ಲಿ?"

ಹನ್ನೆರಡು ವರ್ಷ ಈ ಹೆಂಗಸಿಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದು ಕೊರಗಿದ್ದೆನಲ್ಲ, ನಾಚಿಕೆಯಾಯಿತು. ಸೂಜಿ ಚುಚ್ಚದ ಕೈಯನ್ನು ಹಿಡಿದುಕೊಂಡೆ.

"ನಿಮ್ಮಮ್ಮಂಗೆ ಹೇಳ್ಬೇಡ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ನನಗೇ ಹೊಟ್ಟೆ ಸರಿ ಇರ್ಲಿಲ್ಲ ಅಂತ ಅವರಿಗೆ ಆಗ್ಲೇ ಫೋನ್ ಮಾಡಿ ಹೇಳಿದೀನಿ."