ಬಾಳೆಹಣ್ಣಿನ ಜೋಕಿಗೊಂದು ತಿದ್ದುಪಡಿ

ನಿಷ್ಪಕ್ಷಪಾತ ಎನ್ನುವುದು ಬಹಳ ಆರಾಮದ ಕುರ್ಚಿ. ಒಮ್ಮೆ ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಕಲಬುರಗಿಯ ಸುದ್ದಿಮನೆಯೊಂದರಲ್ಲಿ ಕೂದಲು ನರೆಸಿಕೊಂಡ ನಾನು ಆ ಕುರ್ಚಿಯನ್ನು ಮನೆಗೂ ತಂದಿದ್ದೇನೆ. ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ಹೆಂಡತಿ ಕೇಳಿದರೆ, ‘ಹೆಚ್ಚಾಗಿದೆ ಎನ್ನಲಾಗಿದೆ’ ಎನ್ನುತ್ತೇನೆ.

ಹೀಗಿರುವಾಗ ಕಾಲೇಜಿಗೆ ಹೋಗುವ ಮಗಳು ಪೂರ್ಣಿಮಾ ಒಂದು ಸಂಜೆ ಚೀಲ ಎಸೆದು ಕುಳಿತಳು. ಅವಳ ಗೆಳತಿ ರೇಷ್ಮಾ ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಬರುತ್ತಾಳೆ. ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು. ಅವಳ ಅಪ್ಪನದೂ ಬಾಳೆ ತೋಟ. ತರಗತಿಯ ವಿನೋದಪ್ರಿಯರಿಗೆ ಇಷ್ಟು ಸಾಕಾಗಿತ್ತು. ಅವಳು ಒಳಗೆ ಕಾಲಿಟ್ಟರೆ ಹಿಂದಿನ ಬೆಂಚಿನವರು ಗಾಳಿಯಲ್ಲಿ ಸಿಪ್ಪೆ ಸುಲಿಯುತ್ತಾರೆ, ಉಳಿದವರು ನಗುತ್ತಾರೆ. ಅವಳ ಮುಖಕ್ಕೆ ಬಾಳೆಹಣ್ಣು ಅಂಟಿಸಿದ ಚಿತ್ರವೊಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ.

“ಅಕಿ ಕಾಲೇಜೇ ಬಿಡ್ತೀನಂತ ಕುಂತಾಳ, ಪಪ್ಪಾ. ಏನ್ ಮಾಡ್ಲಿ?”

“ಆ ಹುಡುಗರ ಹೇಳಿಕೆ ತಗೊಂಡೀ ಏನು? ಎರಡೂ ಕಡಿ ಕೇಳಬೇಕವ್ವ.”

“ಒಂದು ಕಡಿ ನಗಾಕತ್ತದ, ಇನ್ನೊಂದು ಕಡಿ ಅಳಾಕತ್ತದ. ಎರಡೂ ಕೇಳೀನಿ. ನಾ ಸುಮ್ನ ಕುಂತ್ರ ಯಾವ ಕಡಿ ಆಗ್ತೀನಿ, ಹೇಳ್ರಿ?”

ಇಂಥ ಪ್ರಶ್ನೆಗೆ ನಮ್ಮಲ್ಲಿ ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂಬ ಗೌರವಾನ್ವಿತ ಉತ್ತರವಿದೆ. ನಾನು ಚಹಾ ಹುಡುಕಿಕೊಂಡು ಎದ್ದೆ.

ಅವಳ ಮೊದಲ ಯೋಜನೆ, ಆ ಹುಡುಗರ ಹೆಸರನ್ನೆಲ್ಲ ಸ್ಟೇಟಸ್ಸಿಗೆ ಹಾಕಿ ಮಾನ ಕಳೆಯುವುದು. ನನಗೆ ಹಿಡಿಸಿತು, ಒಳ್ಳೆಯ ತಲೆಬರಹವಾಗುತ್ತಿತ್ತು. ಆದರೆ ಮಗಳು ಹಾಕುವ ಮೊದಲು ರೇಷ್ಮಾಗೆ ಫೋನ್ ಮಾಡಿದಳು. ಯಾರ ಬಗ್ಗೆ ಬರೆಯುತ್ತೇವೋ ಅವರನ್ನೇ ಮೊದಲು ಕೇಳುವ ಈ ವಿಚಿತ್ರ ಪದ್ಧತಿಯನ್ನು ನನ್ನ ವೃತ್ತಿಯಲ್ಲಿ ಹೆಚ್ಚು ಕಂಡಿಲ್ಲ.

ಫೋನಿನಲ್ಲಿ ರೇಷ್ಮಾ ಅಂದಳು: “ಬ್ಯಾಡ ಪೂರ್ಣಿ, ಆ ಚಿತ್ರ ನೋಡದವ್ರೂ ಹುಡುಕಿ ನೋಡ್ತಾರ. ನೀ ನನ್ನ ಬಾಜೂಕ ಕೂಡು. ಕ್ಲಾಸ್ ಮೇಡಂಗ ಹೇಳಾಕ ಹೋಗುವಾಗ ಜೋಡಿ ಬಾ. ಅಷ್ಟ ಸಾಕು.”

ಮರುದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರಂತೆ. ಹಿಂದೆ ಸಿಪ್ಪೆ ಸುಲಿಯುವ ಕಲಾಪ್ರದರ್ಶನ ಆರಂಭವಾದಾಗ ಪೂರ್ಣಿಮಾ ತಿರುಗಿ ತಣ್ಣಗೆ ಕೇಳಿದಳು: “ನನಗ ತಿಳೀಲಿಲ್ಲ. ಇದ್ರಾಗ ನಗೋದು ಏನದ? ಬಿಡಿಸಿ ಹೇಳ್ರಿ.”

“ಅಂದ್ರ... ಅಕಿ ಊರಾಗ ಬಾಳಿಹಣ್ಣು ಅದಾವಲ್ಲ... ಅದಕ್ಕ...” ಎಂದು ಶುರುವಾದ ವಿವರಣೆ ಅಲ್ಲೇ ನಿಂತಿತು. ಯಾರೂ ನಗಲಿಲ್ಲ. ಮಧ್ಯಾಹ್ನ ಗೆಳತಿಯರು ಮೇಡಂ ಬಳಿ ಹೋದರು. ಸಂಜೆಗೆ ಚಿತ್ರ ಮಾಯವಾಯಿತು. ಎಲ್ಲರೂ ಸಜ್ಜನರಾಗಿಬಿಟ್ಟರು ಎಂದು ವರದಿ ಮಾಡಲಾರೆ. ರೇಷ್ಮಾ ಮಾತ್ರ ಕಾಲೇಜು ಬಿಟ್ಟಿಲ್ಲ.

ಕಳೆದ ಭಾನುವಾರ ಅವಳು ಕೆಂಪು ಹಣ್ಣಿನ ಚಿಪ್ಪು ಹಿಡಿದು ನಮ್ಮ ಮನೆಗೆ ಬಂದಳು. ಬ್ರಹ್ಮಪುರದಿಂದ ನನ್ನ ತಮ್ಮನ ಸಂಸಾರವೂ ಬಂದಿತ್ತು. ತುಂಬಿದ ಸಭೆ, ನನ್ನ ಹಾಸ್ಯಪ್ರಜ್ಞೆ ಜಾಗೃತವಾಯಿತು.

“ಓಹೋ! ಬಾಳಿಹಣ್ಣೇ ಬಾಳಿಹಣ್ಣು ತಂದದಲ್ಲ!”

ನಾನೊಬ್ಬನೇ ನಕ್ಕೆ. ರೇಷ್ಮಾ ಚಿಪ್ಪನ್ನು ಮೆಲ್ಲಗೆ ಕೆಳಗಿಟ್ಟಳು.

“ತಿಳೀಲಿಲ್ಲ, ಪಪ್ಪಾ” ಎಂದಳು ಮಗಳು. “ಬಿಡಿಸಿ ಹೇಳ್ರಿ.”

ತಪ್ಪನ್ನು ಮುಖಪುಟದಲ್ಲಿ ಮಾಡಿ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕುವುದು ನಮ್ಮ ಸುದ್ದಿಮನೆಯ ಸಂಪ್ರದಾಯ. ಅದರಂತೆ, ರೇಷ್ಮಾ ಹೊರಡಲು ಚಪ್ಪಲಿ ಮೆಟ್ಟುವಾಗ ಹಿಂದೆ ಹೋಗಿ, “ತಪ್ಪಾಯ್ತವ್ವ” ಎಂದು ಗೊಣಗಿದೆ.

“ತಪ್ಪು ಎಲ್ಲರ ಮುಂದ ಆಗ್ಯಾದ. ತಿದ್ದುಪಡಿ ಚಪ್ಪಲಿ ಬಿಡೋ ಜಾಗದಾಗ ಯಾಕ?” ಮಗಳ ಧ್ವನಿ.

ರೇಷ್ಮಾಳನ್ನೂ ಕರೆದುಕೊಂಡು ಒಳಗೆ ಬಂದು ಎಲ್ಲರೆದುರು, ದಪ್ಪ ಅಕ್ಷರದಲ್ಲಿ ಹೇಳಿದೆ. ‘ಇರ್ಲಿ ಬಿಡ್ರಿ ಅಂಕಲ್’ ಎನ್ನುತ್ತಾಳೆಂದು ಕಾದೆ. “ಹೂಂ” ಎಂದಳು ರೇಷ್ಮಾ, ಅಷ್ಟೇ.

ಹಣ್ಣು ಬಹಳ ರುಚಿಯಾಗಿತ್ತು. ಸಿಪ್ಪೆ ಸುಲಿಯುವಾಗ ಮಾತ್ರ, ಯಾರೂ ತಪ್ಪು ತಿಳಿಯಬಾರದೆಂದು, ಗೋಡೆಗೆ ಮುಖ ಮಾಡಿ ಕುಳಿತಿದ್ದೆ.