ಅಳಿಯನ ಶೂ

ಭಾನುವಾರ ಬೆಳಿಗ್ಗೆ ರಘುನಾಥ ಇನ್ನೂ ಹಲ್ಲುಜ್ಜುತ್ತಿರುವಾಗಲೇ ಮುನಿಆಂಜಿನಪ್ಪನವರ ಡ್ರೈವರ್ ಮೆಟ್ಟಿಲು ಹತ್ತಿ ಬಂದು ಒಂದು ರಟ್ಟಿನ ಪೆಟ್ಟಿಗೆ ಕೈಗಿತ್ತ. ಒಳಗೆ ಒಂದು ಜೊತೆ ಬ್ಯಾಸ್ಕೆಟ್‌ಬಾಲ್ ಶೂ. ಕೆಂಪು ಬಣ್ಣ, ಹಳದಿ ಲೇಸು, ಪಕ್ಕದಲ್ಲಿ ಬೆಳ್ಳಿ ಅಕ್ಷರಗಳಲ್ಲಿ ‘ವಾಯುಪುತ್ರ’ ಎಂಬ ಹೆಸರು. ಬೆಲೆ ಏಳುನೂರಕ್ಕೆ ಒಂದೇ ರೂಪಾಯಿ ಕಡಿಮೆ.

“ಸಾಯಂಕಾಲ ಇದನ್ನ ಆಕ್ಕೊಂಡು ಕೋರ್ಟ್‌ನಾಗೆ ಆಡಿ, ಎಂಗೈತೆ ಅಂತ ಎಲ್ರ ಮುಂದೆ ಏಳ್ಬೇಕಂತೆ ಸಾ. ಮಕ್ಕಳಿಗೆಲ್ಲ ಇದೇ ಕೊಡ್ಸೋದಾ ಬ್ಯಾಡ್ವಾ ಅಂತ ನೀವೇ ತೀರ್ಮಾನ ಮಾಡ್ಬೇಕಂತೆ” ಎಂದು ಡ್ರೈವರ್ ಹೊರಟುಹೋದ.

ಮುನಿಆಂಜಿನಪ್ಪನವರು ಕೋಗಿಲಿನ ಹಳೆಯ ರೈತರು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆದಮೇಲೆ, ಉಳಿದ ಮೂಲೆಯ ಜಾಗದಲ್ಲಿ ಎಲ್ಲರಂತೆ ಕಲ್ಯಾಣಮಂಟಪ ಕಟ್ಟದೆ, ಮೊಮ್ಮಗಳು ಹಟ ಹಿಡಿದಳೆಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್ ಮಾಡಿಸಿದ್ದರು. ಈಗ ಅದಕ್ಕೊಬ್ಬ ಮೇಷ್ಟ್ರು ಬೇಕಾಗಿತ್ತು. “ಶೂ ವಿಚಾರ ಒಂದು ಮುಗೀಲಿ, ಆಮೇಲೆ ನೀವೇ ಬಂದು ಯೋಳ್ಕೊಡಿ” ಎಂದು ಹೋದ ವಾರವೇ ರಘುನಾಥನಿಗೆ ಹೇಳಿದ್ದರು.

ಆ ಒಂದು ಮಾತಿಗೆ ರಘುನಾಥ ವಾರವಿಡೀ ನೆಲದ ಮೇಲೆ ನಡೆದಿರಲಿಲ್ಲ. ಅವನು ಒಂದು ಕಾಲಕ್ಕೆ ಯೂನಿವರ್ಸಿಟಿ ತಂಡಕ್ಕೆ ಆಡಿದವನು. “ಚೆಂಡು ಅನ್ನ ಹಾಕುತ್ತೇನೋ?” ಎಂದು ಅಪ್ಪ ಕೇಳಿದಾಗ ಉತ್ತರ ಹೊಳೆಯದೆ, ಯಶವಂತಪುರದ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿ ಕೂತ. ಕೂತವನು ಎದ್ದಿರಲಿಲ್ಲ. ಕೆಲಸದ ಮೇಲೆ ಅವನಿಗೆ ದ್ವೇಷವೇನೂ ಇಲ್ಲ. ಆದರೆ ಬಸ್ಸು ಯಾವುದಾದರೂ ಆಟದ ಮೈದಾನದ ಪಕ್ಕ ಹಾದಾಗ ಕಿಟಕಿಯಿಂದ ಮುಖ ತಿರುಗಿಸಿಬಿಡುತ್ತಿದ್ದ. ಈಗ ನಲವತ್ತು ದಾಟಿದ ಮೇಲೆ, ಸಂಜೆ ಒಂದು ಗಂಟೆಯಾದರೂ ಸರಿ, ಕೈಗೆ ಮತ್ತೆ ಚೆಂಡು ಬರುವ ಕಾಲ ಬಂದಿತ್ತು.

ಹೆಂಡತಿ ಪದ್ಮಶ್ರೀ ಶೂವಿನ ಅಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. “ರೀ, ಇದು ಬಾತ್‌ರೂಮ್ ಚಪ್ಪಲಿಗಿಂತ ನುಣ್ಣಗಿದೆ. ಹೇಗಿದೆಯೋ ಹಾಗೇ ಹೇಳ್ಬಿಡಿ.”

“ಮತ್ತಿನ್ನೇನು? ಇದ್ದದ್ದು ಇದ್ದ ಹಾಗೆ ಹೇಳ್ತೀನಿ” ಎಂದ ರಘುನಾಥ.

ಅಲ್ಲಾಳಸಂದ್ರದ ಆ ಮನೆಯಲ್ಲಿ ಮೇಲಿನವರು ಆಡಿದ ಮಾತು ಕೆಳಗೆ ಬಾಡಿಗೆ ಕೊಡದೆ ಇಳಿಯುತ್ತಿತ್ತು. ಮನೆ ಒಡತಿ ಗಂಗರತ್ನಮ್ಮ ಸೆರಗಿಗೆ ಕೈ ಒರೆಸುತ್ತಾ ಹತ್ತಿ ಬಂದರು. ಅವರ ತವರು ಕೋಗಿಲು. ಅಲ್ಲಿನ ಯಾವ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಅವರಿಗೆ ಇಲ್ಲಿಂದಲೇ ಗೊತ್ತು.

“ಇದ್ದದ್ದು ಇದ್ದಂಗೆ ಏಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ! ಅದ್ಯಾರ ಶೂ ಗೊತ್ತೇನಪ್ಪ ರಘುನಾಥ? ಅವ್ರ ಅಳಿಯ ಚನ್ನಕೇಶವಂದು. ದಾಸರಹಳ್ಳೀಲಿ ಫ್ಯಾಕ್ಟ್ರಿ ಮಡಗವ್ನೆ. ಅಳಿಯ ಅಂದ್ರೆ ಆ ಮನೇಲಿ ದೇವ್ರು. ಅವ್ನು ಉಂಡೆದ್ದ ಮೇಲೇನೇ ಮುನಿಆಂಜಿನಪ್ಪ ಕೈ ತೊಳೆಯಾದು. ನೀನು ಓಗಿ ಅವ್ನ ಶೂ ಸರಿಗಿಲ್ಲ ಅಂದ್ರೆ, ನಿನ್ನ ಗೇಟಿಂದ ಒಳೀಕೇ ಬಿಡಾಕಿಲ್ಲ!”

ಪಕ್ಕದ ಮನೆಯ ಗೋಪಿ ಸೈಟ್ ಬ್ರೋಕರ್. ಕರೆಯದಿದ್ದರೂ ಅವನೂ ಬಂದ. “ಗುರು, ನಾನು ಸೈಟ್ ತೋರಿಸುವಾಗ ಪಕ್ಕದಲ್ಲಿ ಮೋರಿ ಇದೆ ಅಂತೀನಾ? ಲೇಕ್ ವ್ಯೂ ಅಂತೀನಿ. ನೀನೂ ಹಂಗೇ ಅಂದ್ಬಿಡು, ಕೆಲಸ ಗ್ಯಾರಂಟಿ.”

ರಘುನಾಥ ಹೆಂಡತಿಯ ಮುಖ ನೋಡಿದ. ಪದ್ಮಶ್ರೀ ಒಳಗೆ ಹೋಗಿ ಕುಕ್ಕರ್ ಇಟ್ಟಳು. ಮಧ್ಯಾಹ್ನದ ಊಟದ ಹೊತ್ತಿಗೆ ರಘುನಾಥನ ಮನಸ್ಸಿನಲ್ಲಿ ‘ವಾಯುಪುತ್ರ’ ಜಗತ್ತಿನ ಅತ್ಯುತ್ತಮ ಶೂ ಆಗಿತ್ತು.

ಸಂಜೆ ಕೋರ್ಟಿನ ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮುನಿಆಂಜಿನಪ್ಪ ನಡುವೆ, ಅಳಿಯ ಚನ್ನಕೇಶವ ಅವರಿಗಿಂತ ಎತ್ತರದ ಕುರ್ಚಿಯಲ್ಲಿ. ಗಂಗರತ್ನಮ್ಮ ತವರಿಗೆ ಹೋಗುವ ನೆಪದಲ್ಲಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಗೋಪಿ ಟೀ ಲೋಟ ಹಿಡಿದು ನಿಂತಿದ್ದ. ಕಾಂಪೌಂಡ್ ಗೋಡೆಯ ಮೇಲೆ ಕಲಿಯಲು ಬಂದ ಮಕ್ಕಳು ಸಾಲಾಗಿ ಕೂತಿದ್ದರು. ಎದುರಾಳಿಯೊಬ್ಬ ಬೇಕೆಂದು ರಘುನಾಥ ತಾನೇ ಫೋನ್ ಮಾಡಿ ಅಕ್ಬರ್ ಪಾಷಾನನ್ನು ಕರೆಸಿಕೊಂಡಿದ್ದ. ಪಾಷಾ ಹಳೆಯ ತಂಡದ ಗೆಳೆಯ, ಈಗ ಒಂದು ಶಾಲೆಯ ಡ್ರಿಲ್ ಮೇಷ್ಟ್ರು. ಮೂರು ಕಡೆ ಹೊಲಿಗೆ ಬಿದ್ದ ತನ್ನ ಹಳೇ ಶೂ ಹಾಕಿಕೊಂಡೇ ಬಂದಿದ್ದ.

ಆಟ ಶುರುವಾಯಿತು. ರಘುನಾಥ ಚೆಂಡು ತಟ್ಟುತ್ತಾ ಓಡಿದ. ಆಹಾ, ಕೈ ಏನನ್ನೂ ಮರೆತಿರಲಿಲ್ಲ! ಬುಟ್ಟಿಯ ಹತ್ತಿರ ಥಟ್ಟನೆ ನಿಲ್ಲಬೇಕಾಗಿತ್ತು. ಅವನು ನಿಂತ, ಶೂ ನಿಲ್ಲಲಿಲ್ಲ. ಕುಂಡೆಯ ಮೇಲೆ ಕೂತು ಗೆರೆಯ ಆಚೆಯವರೆಗೂ ಹೋದ.

“ಏನ್ ಮೇಷ್ಟ್ರೇ, ಶೂ ಜಾರ್ತೈತಾ?” ಮುನಿಆಂಜಿನಪ್ಪ ಕುರ್ಚಿಯಿಂದ ಅರ್ಧ ಎದ್ದು ಕೇಳಿದರು.

“ಛೆ ಛೆ, ಹಿಡಿತ ತುಂಬಾ ಚೆನ್ನಾಗಿದೆ ಯಜಮಾನ್ರೇ. ನಾನೇ ಸ್ವಲ್ಪ ಅವಸರ ಮಾಡ್ದೆ.”

ಮತ್ತೆ ಚೆಂಡು ಹಿಡಿದ. ಒಂದು ಕಾಲು ಊರಿ, ಪಾಷಾನನ್ನು ತಪ್ಪಿಸಲು ಮೈ ತಿರುಗಿಸಿದ. ಕಾಲು ಹೆಬ್ಬಾಳದ ಕಡೆ ತಿರುಗಿತು, ಶೂ ಯಲಹಂಕದ ಕಡೆಗೇ ಮುಖ ಮಾಡಿಕೊಂಡಿತ್ತು. ಕಾಲಿನ ಹರಡು ಚಳಕ್ಕೆಂದಿತು. ರಘುನಾಥ ಕುಂಟುತ್ತಲೇ ನಕ್ಕ.

“ಕಾಲಿಗೆ ಒತ್ತಾಸೆ ಸಾಲ್ದು ಅನ್ಸುತ್ತೆ. ಮುಚ್ಚುಮರೆ ಬ್ಯಾಡ, ಬಿಚ್ಚಿ ಏಳಿ ಮೇಷ್ಟ್ರೇ” ಎಂದರು ಮುನಿಆಂಜಿನಪ್ಪ.

“ಶೂ ಒಳಗೆ ಕಾಲು ಒಳ್ಳೇ ಆರಾಮಾಗಿದೆ. ನನಗೇ ಅಭ್ಯಾಸ ತಪ್ಪಿದೆ ಅಷ್ಟೆ.”

ಮುನಿಆಂಜಿನಪ್ಪನವರ ಮುಖ ಗಂಟಾಯಿತು. ಪರೀಕ್ಷೆ ಮಾಡುತ್ತಿದ್ದಾರೆ, ಬಾಯಿ ಜಾರಬಾರದು ಎಂದು ರಘುನಾಥ ಗಟ್ಟಿ ಮಾಡಿಕೊಂಡ. ಪಾಷಾ ಹತ್ತಿರ ಬಂದು ಮೆಲ್ಲಗೆ ಹೇಳಿದ, “ಅರೆ ಯಾರ್, ಬಿಚ್ಚಿ ಬಿಸಾಕೋ ಅದನ್ನ. ಮಕ್ಕಳು ಕಾಲು ಮುರ್ಕೋತಾವೆ.”

“ಸುಮ್ನಿರೋ ಮಚ್ಚಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಮುಂದಿನ ಸಲ ಬುಟ್ಟಿಗೆ ಬಡಿದು ಬಂದ ಚೆಂಡಿಗೆ ಎಗರಿದ. ಎಗರಿದ್ದು ಚೆನ್ನಾಗಿಯೇ ಇತ್ತು. ಇಳಿದಾಗ ಹಿಮ್ಮಡಿಯಿಂದ ಹೊರಟ ಏಟು ಹಲ್ಲಿನವರೆಗೂ ಬಂತು, ಬಲಗಾಲಿನ ಶೂ ಮುಂದೆ ಬಾಯಿ ಬಿಟ್ಟಿತು. ಅದು ಯಾರಿಗೂ ಕಾಣಬಾರದೆಂದು ಎಡಗಾಲಿನಿಂದ ಅದನ್ನು ಮೆಟ್ಟಿಕೊಂಡೇ ಓಡಲು ನೋಡಿದ. ಒಂದು ಕಾಲನ್ನು ಇನ್ನೊಂದು ಕಾಲು ಮೆಟ್ಟಿಕೊಂಡು ಯಾರು ತಾನೇ ಓಡಿಯಾರು? ಮುಗ್ಗರಿಸಿ, ಗೋಪಿಯ ಟೀ ಲೋಟ ಹಾರಿಸಿ, ಎರಡು ಕುರ್ಚಿ ಉರುಳಿಸಿ, ಗಂಗರತ್ನಮ್ಮನವರ ಮಡಿಲಲ್ಲಿ ಹೋಗಿ ಬಿದ್ದ.

“ಅಯ್ಯಯ್ಯೋ, ನನ್ನ ರೇಷ್ಮೆ ಸೀರೆ!”

ಟೀ ತೊಟ್ಟಿಕ್ಕುತ್ತಿದ್ದ ಮುಖವನ್ನೆತ್ತಿ ರಘುನಾಥ ಎಲ್ಲರಿಗೂ ಕೇಳುವಂತೆ ಸಾರಿದ. “ನನ್ನ ಪಾದ ಅಗಲ. ನಾನೇ ತಪ್ಪು ಸೈಜ್ ಹೇಳ್ಬಿಟ್ಟಿದ್ದೆ.”

“ಕೊನೇ ಸಲ ಕೇಳ್ತೀನಿ” ಎಂದರು ಮುನಿಆಂಜಿನಪ್ಪ. ದನಿಯಲ್ಲಿ ಬೇಡಿಕೆಯಂಥದ್ದೇನೋ ಇತ್ತು. “ಶೂ ಎಂಗೈತೆ?”

“ತಪ್ಪೆಲ್ಲಾ ನನ್ನ ಕಾಲಿಂದು ಯಜಮಾನ್ರೇ. ಶೂ ಮಾತ್ರ ಬಂಗಾರ!”

ಚನ್ನಕೇಶವ ಎದ್ದು ನಿಂತು ಚಪ್ಪಾಳೆ ತಟ್ಟಿದ. “ನಾನು ಹೇಳಿರ್ಲಿಲ್ವಾ ಮಾವ? ಎಲ್ಲಾ ಮಕ್ಕಳಿಗೂ ಆಗೋಷ್ಟು ಕಾರಲ್ಲೇ ತಂದಿದೀನಿ.” ಆಮೇಲೆ ರಘುನಾಥನನ್ನು ತಲೆಯಿಂದ ಕಾಲಿನವರೆಗೆ ನೋಡಿದ. “ಆದ್ರೆ ಮಾವ, ಇವರೇ ಒಪ್ಕೊಂಡ್ರಲ್ಲ. ಅವಸರ ಜಾಸ್ತಿ, ಅಭ್ಯಾಸ ಇಲ್ಲ, ತಮ್ಮ ಪಾದದ ಅಳತೇನೇ ಗೊತ್ತಿಲ್ಲ. ಇಷ್ಟು ಒಳ್ಳೇ ಶೂ ಹಾಕ್ಕೊಂಡೂ ನಿಲ್ಲೋಕಾಗದವರು ಮಕ್ಕಳಿಗೆ ಏನ್ ಕಲಿಸ್ತಾರೆ? ಪಾಷಾ ಅವರನ್ನ ನೋಡಿ, ಹರಕು ಶೂನಲ್ಲೂ ಒಂದ್ಸಲಾನೂ ಬೀಳ್ಲಿಲ್ಲ. ಅವರನ್ನೇ ಇಟ್ಕೊಳ್ಳೋಣ.”

ಮುನಿಆಂಜಿನಪ್ಪ ರಘುನಾಥನಿಂದ ಮುಖ ತಿರುಗಿಸಿದರು. “ಅಳಿಯಂದ್ರು ಏಳಿದ ಮ್ಯಾಕೆ ಮುಗೀತು” ಎಂದರು.

ಪಾಷಾಗೆ ನಮಾಜಿನ ಹೊತ್ತಾಗಿತ್ತು. ಸ್ಕೂಟರ್ ಹತ್ತುವ ಮುಂಚೆ ರಘುನಾಥನ ಭುಜ ಹಿಡಿದ. “ಶೂ ಬಗ್ಗೆ ನಾನೀಗ ಬಾಯಿ ಬಿಟ್ರೆ ನಿನ್ನನ್ನೇ ಸುಳ್ಳುಗಾರ ಅಂದಂಗಾಗುತ್ತೆ. ನಾಳೆ ಮಾತಾಡೋಣ ಗುರು.” ಅವನಿಗೂ ಸಂತೋಷವಿರಲಿಲ್ಲ.

ರಘುನಾಥ ಕುಂಟುತ್ತಾ ಗೇಟಿನ ಹತ್ತಿರ ಬಂದಾಗ ಮುನಿಆಂಜಿನಪ್ಪ ಹಿಂದೆಯೇ ಬಂದರು.

“ಎಂಥಾ ಕೆಲ್ಸ ಮಾಡ್ಬಿಟ್ರಿ ಮೇಷ್ಟ್ರೇ! ಆ ಶೂ ದರಿದ್ರದ್ದು ಅಂತ ನಂಗೊತ್ತಿಲ್ವಾ? ಮನೆ ಎಣ್ಣು ಕೊಟ್ಟಿವ್ನಿ, ಅಳಿಯಂಗೆ ಇಂಗೆ ಅಂತ ಮುಖಕ್ಕೆ ಮುಖ ಕೊಟ್ಟು ಏಳಕ್ಕಾಯ್ತದಾ? ತಿಳಿದೋರ ಬಾಯಾಗೆ ಬರ್ಲಿ ಅಂತ್ಲೇ ನಿಮ್ನ ಕರ್ಸಿದ್ದು. ಸರಿಗಿಲ್ಲ ಅಂತ ಒಂದ್ ಮಾತು ಅಂದಿದ್ರೆ ನಾಳೆಯಿಂದ ನೀವೇ ಮೇಷ್ಟ್ರು.”

ರಘುನಾಥನಿಗೆ ಅಳು ಬಂದಂತಾಯಿತು. ಅಪ್ಪನ ಮುಂದೆ ಹೇಳಬೇಕಾದ ಒಂದು ಮಾತು ಹೇಳದೆ ಒಮ್ಮೆ ಆಟ ಕಳೆದುಕೊಂಡಿದ್ದ. ಈಗ ಇನ್ನೊಮ್ಮೆ ಕಳೆದುಕೊಂಡ, ಅದೂ ಕೇಳಿ ಕೇಳಿ ಬಾಯಿ ಬಿಡಿಸಲು ನೋಡಿದವರ ಮುಂದೆ. ಇದಕ್ಕೆ ಅಪ್ಪನನ್ನು ದೂರುವ ಹಾಗೂ ಇರಲಿಲ್ಲ.

ಅಷ್ಟರಲ್ಲಿ ಕೋರ್ಟಿನಿಂದ ದೊಪ್ಪೆಂದು ಸದ್ದು ಬಂತು. ಹೊಸ ಶೂ ಹಾಕಿಕೊಂಡು ಎಲ್ಲರಿಗಿಂತ ಮೊದಲು ಓಡಿದವಳು ಕೋರ್ಟಿಗೆ ಹಟ ಹಿಡಿದಿದ್ದ ಆ ಮೊಮ್ಮಗಳೇ, ಚನ್ನಕೇಶವನ ಮಗಳು ತೇಜಸ್ವಿನಿ. ಮಂಡಿ ತರಚಿ ರಕ್ತ ಬಂದಿತ್ತು.

“ಅಪ್ಪಾ, ಶೂ ಜಾರುತ್ತೆ!”

“ನೆಟ್ಟಗೆ ಓಡೋದು ಕಲಿ. ಯೂನಿವರ್ಸಿಟಿಗೆ ಆಡಿದವರೇ ಬಂಗಾರ ಅಂದಿದಾರೆ, ಬೇಕಾದ್ರೆ ಅವರನ್ನೇ ಕೇಳು.”

ಹುಡುಗಿ ಗೇಟಿನ ಕಡೆ ನೋಡಿದಳು. ರಘುನಾಥನಿಗೆ ಇನ್ನು ತಡೆಯಲಾಗಲಿಲ್ಲ. “ಅವಳು ಹೇಳ್ತಿರೋದೇ ನಿಜ! ಆ ಶೂ ಸರಿ ಇಲ್ಲ. ಹಿಡಿತ ಇಲ್ಲ, ಮೆತ್ತೆ ಇಲ್ಲ, ಹೊಲಿಗೆ ನಿಲ್ಲಲ್ಲ. ಬಿಚ್ಚಿಸಿ ಅದನ್ನ!” ಎಂದು ಕೂಗಿದ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ನಿಜ ಅದು.

ಚನ್ನಕೇಶವ ನಕ್ಕ. “ಕೆಲಸ ಕೈತಪ್ಪಿದ ತಕ್ಷಣ ಶೂ ಕೆಟ್ಟೋಯ್ತಾ ಸಾರ್?”

“ಒಟ್ಟೆಕಿಚ್ಚು ಇಷ್ಟಿರಬಾರ್ದಪ್ಪ” ಎಂದರು ಗಂಗರತ್ನಮ್ಮ, ಸೀರೆಯ ಟೀ ಒರೆಸಿಕೊಳ್ಳುತ್ತಾ.

ಮುನಿಆಂಜಿನಪ್ಪ ನೆಲ ನೋಡುತ್ತಾ ನಿಂತರು. ತೇಜಸ್ವಿನಿ ಒಂದು ಕ್ಷಣ ರಘುನಾಥನನ್ನೇ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಹಳದಿ ಲೇಸನ್ನು ಇನ್ನಷ್ಟು ಬಿಗಿದು ಕಟ್ಟಿ, ಮತ್ತೆ ಓಡತೊಡಗಿದಳು.